ಪದವಿಯ ಪ್ರಥಮ ವರ್ಷ: ವಿದ್ಯಾರ್ಥಿವೇತನ ಕೈತಪ್ಪದಿರಲು ಐದು ಹೆಜ್ಜೆ

ದ್ವಿತೀಯ ಪಿಯುಸಿ ಮುಗಿಸಿ ಪದವಿ ಕಾಲೇಜಿಗೆ ಸೇರುವ ವಿದ್ಯಾರ್ಥಿಗೆ ಸಿಗುವ ನೆರವು ಮುಖ್ಯವಾಗಿ ಮೂರು ಬಗೆಯದು: ಪಿಯುಸಿ ಫಲಿತಾಂಶಕ್ಕೆ ಒಮ್ಮೆ ಮಾತ್ರ ಕೊಡುವ ಪ್ರೋತ್ಸಾಹಧನ, ವರ್ಷವರ್ಷವೂ ಬರುವ ವಿದ್ಯಾರ್ಥಿವೇತನ ಮತ್ತು ಊಟ–ವಸತಿಯ ಸಹಾಯ. ಇವುಗಳಲ್ಲಿ ಕೆಲವಕ್ಕೆ ಹೊಸ ಅರ್ಜಿ ಹಾಕಲು ಅವಕಾಶವಿರುವುದು ಪ್ರಥಮ ವರ್ಷದಲ್ಲಿ ಮಾತ್ರ. ಆಮೇಲಿನ ವರ್ಷಗಳಲ್ಲಿ ನಡೆಯುವುದು ಬರೀ ನವೀಕರಣ. ಮೊದಲ ವರ್ಷ ಅರ್ಜಿ ತಪ್ಪಿದರೆ ಅಂಥ ಯೋಜನೆ ಇಡೀ ಕೋರ್ಸಿಗೇ ತಪ್ಪಿದಂತೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇದನ್ನು ಹೇಳುವವರೇ ಇರುವುದಿಲ್ಲ. ಹಾಗಾಗಿ ಫಲಿತಾಂಶ ಬಂದ ವಾರದಿಂದಲೇ ತಯಾರಿ ಶುರುವಾಗಬೇಕು.

ಹೆಜ್ಜೆ 1: ಅರ್ಹತೆ ಗುರುತಿಸುವುದು

ಪ್ರೋತ್ಸಾಹಧನ: ಪಿಯುಸಿಯನ್ನು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆಯಿಂದ 20,000 ರೂಪಾಯಿ ಸಿಗುತ್ತದೆ. ಪರಿಶಿಷ್ಟ ಪಂಗಡದವರಿಗೂ ಇಂಥದೇ ಯೋಜನೆ ಇದೆ.

ಕೇಂದ್ರ ವಲಯದ ವಿದ್ಯಾರ್ಥಿವೇತನ: ಆಯಾ ಬೋರ್ಡಿನ 12ನೇ ತರಗತಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರುವ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳಿಗೆ. ದೇಶದಾದ್ಯಂತ ವರ್ಷಕ್ಕೆ ಗರಿಷ್ಠ 82,000 ಹೊಸ ವಿದ್ಯಾರ್ಥಿವೇತನಗಳಿದ್ದು, ಅರ್ಧ ಪಾಲು ಹುಡುಗಿಯರಿಗೆ ಮೀಸಲು. ಪದವಿಯ ಮೂರು ವರ್ಷ ತಲಾ 12,000 ರೂಪಾಯಿ ಬರುತ್ತದೆ. ಬೇರೆ ವಿದ್ಯಾರ್ಥಿವೇತನ ಅಥವಾ ಶುಲ್ಕ ವಿನಾಯಿತಿ ಪಡೆಯುವವರಿಗೆ ಇದು ಸಿಗುವುದಿಲ್ಲ; ಯಾವುದರಿಂದ ಹೆಚ್ಚು ಅನುಕೂಲ ಎಂದು ಲೆಕ್ಕ ಹಾಕಿ ಒಂದನ್ನು ಆರಿಸಿಕೊಳ್ಳಬೇಕು.

ಪ್ರಗತಿ ಮತ್ತು ಸಕ್ಷಮ: ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಮಾನ್ಯತೆಯ ತಾಂತ್ರಿಕ ಕೋರ್ಸುಗಳಿಗೆ ಸೇರಿದವರಿಗೆ ವರ್ಷಕ್ಕೆ 50,000 ರೂಪಾಯಿ. ಪ್ರಗತಿ ಹುಡುಗಿಯರಿಗೆ, ಒಂದು ಕುಟುಂಬದಲ್ಲಿ ಇಬ್ಬರವರೆಗೆ. ಸಕ್ಷಮ ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ. ಎರಡಕ್ಕೂ ಆದಾಯದ ಮಿತಿ 8 ಲಕ್ಷ ರೂಪಾಯಿ.

ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ: 10 ಮತ್ತು 12ನೇ ತರಗತಿಗಳನ್ನು ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ. ಕರ್ನಾಟಕದಲ್ಲಿ ಇದು ರಾಜ್ಯ ಸರ್ಕಾರದ ಸಹಯೋಗದಲ್ಲಿ ‘ದೀಪಿಕಾ’ ಹೆಸರಿನಲ್ಲಿದೆ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪರಿಶಿಷ್ಟರು, ಹಿಂದುಳಿದ ವರ್ಗಗಳು ಮತ್ತು ಅಲ್ಪಸಂಖ್ಯಾತರಿಗೆ ಆಯಾ ಇಲಾಖೆಯಿಂದ ಬರುತ್ತದೆ. ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಇದೆ. ಊಟ–ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಸಹಾಯವಾಗಿ ಶುರುವಾದ ಯೋಜನೆ ಇದು.

ಹೆಜ್ಜೆ 2: ದಾಖಲೆಗಳಲ್ಲಿ ಹೆಸರು ಹೊಂದಿಸುವುದು

ಬೇಕಾಗುವ ದಾಖಲೆಗಳು: ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಜಾತಿ–ಆದಾಯ ಪ್ರಮಾಣಪತ್ರ, ಶುಲ್ಕದ ರಸೀದಿ, ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಜಾತಿ–ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕು.

ಅರ್ಜಿಗಳು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’ ಎಂದೂ ಆಧಾರ್‌ನಲ್ಲಿ ‘ಮಂಜುನಾಥ ಹನುಮಂತಪ್ಪ’ ಎಂದೂ ಇದ್ದರೆ ಊರಿನವರಿಗೆ ಇಬ್ಬರೂ ಒಬ್ಬನೇ, ಕಂಪ್ಯೂಟರಿಗೆ ಬೇರೆ ಬೇರೆ. ಅಂಕಪಟ್ಟಿ ತಿದ್ದಿಸುವುದು ದೀರ್ಘ ಕೆಲಸ. ಅದನ್ನೇ ಆಧಾರವಾಗಿಟ್ಟುಕೊಂಡು ಆಧಾರ್‌ನಲ್ಲಿ ಹೆಸರು ತಿದ್ದಿಸುವುದು ಸುಲಭ. ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯೂ ಜೋಡಣೆಯಾಗಿರಬೇಕು. ಒಟಿಪಿ ಬರುವುದು ಅದಕ್ಕೇ.

ಹೆಜ್ಜೆ 3: ಖಾತೆ ಸಿದ್ಧಪಡಿಸುವುದು

ಸರ್ಕಾರಿ ವಿದ್ಯಾರ್ಥಿವೇತನದ ಹಣ ಆಧಾರ್ ಸಂಖ್ಯೆಯ ಜಾಡು ಹಿಡಿದು ಖಾತೆಗೆ ಸೇರುತ್ತದೆ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟಿದ್ದರಷ್ಟೇ ಸಾಲದು, ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಆ ಖಾತೆ ಆಧಾರ್‌ಗೆ ಜೋಡಣೆಯಾಗಿರಬೇಕು. ಒಂದು ಆಧಾರ್‌ಗೆ ಈ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಹಳ್ಳಿಯ ಬ್ಯಾಂಕಿನಲ್ಲಿ ಹೈಸ್ಕೂಲಿನಲ್ಲಿದ್ದಾಗ ತೆರೆದ ಖಾತೆಯೊಂದು, ಕಾಲೇಜಿನ ಪೇಟೆಯಲ್ಲಿ ತೆರೆದದ್ದು ಇನ್ನೊಂದು ಇದ್ದರೆ, ಕೊನೆಗೆ ಜೋಡಣೆಯಾದ ಬ್ಯಾಂಕಿಗೇ ಹಣ ಹೋಗುತ್ತದೆ. ಹಳೇ ಪಾಸ್‌ಬುಕ್ಕಿನಲ್ಲಿ ಹಣ ಹುಡುಕಿ ನಿರಾಶರಾಗುವುದು ಹೀಗೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಒಟಿಪಿ ಕೊಟ್ಟರೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದು ತಿಳಿಯುತ್ತದೆ.

ಹೆಜ್ಜೆ 4: ಅರ್ಜಿ ಸಲ್ಲಿಸುವುದು

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ). ಕೇಂದ್ರ ವಲಯದ ವಿದ್ಯಾರ್ಥಿವೇತನ, ಪ್ರಗತಿ ಮತ್ತು ಸಕ್ಷಮಕ್ಕೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ (ಎನ್‌ಎಸ್‌ಪಿ). ಪ್ರೋತ್ಸಾಹಧನಕ್ಕೆ ಸಮಾಜ ಕಲ್ಯಾಣ ಇಲಾಖೆಯ ಜಾಲತಾಣದಲ್ಲಿ, ಪ್ರೇಮ್‌ಜಿ ವಿದ್ಯಾರ್ಥಿವೇತನಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಜಾಲತಾಣದಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು.

ಎಸ್‌ಎಸ್‌ಪಿಯಲ್ಲಿ ಮೊದಲು ದಾಖಲೆಗಳ ಇ–ದೃಢೀಕರಣವಾಗಬೇಕು. ವಿದ್ಯಾರ್ಥಿ ದಾಖಲೆಗಳನ್ನು ಅಪ್‌ಲೋಡ್ ಮಾಡಿ, ಮೂಲ ಪ್ರತಿಗಳನ್ನು ದೃಢೀಕರಣ ಅಧಿಕಾರಿಗೆ ತೋರಿಸಿದ ಮೇಲೆ ಪ್ರತಿ ದಾಖಲೆಗೂ ಒಂದು ಸಂಖ್ಯೆ ಸಿಗುತ್ತದೆ. ಅರ್ಜಿಯಲ್ಲಿ ಬಳಸುವುದು ಆ ಸಂಖ್ಯೆ. ಪ್ರಥಮ ವರ್ಷದವರಿಗೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಬರುವುದು ತಡವಾಗಬಹುದು. ಅದು ಕೈಸೇರುವಷ್ಟರಲ್ಲಿ ಉಳಿದ ದಾಖಲೆಗಳೆಲ್ಲ ಸಿದ್ಧವಿದ್ದರೆ ಕೊನೆಯ ದಿನದ ನೂಕುನುಗ್ಗಲು ತಪ್ಪುತ್ತದೆ. ಎನ್‌ಎಸ್‌ಪಿಯಲ್ಲಿ ಅರ್ಜಿಗೂ ಮುನ್ನ ಒಟಿಆರ್, ಅಂದರೆ ಒಂದು ಬಾರಿಯ ನೋಂದಣಿ, ಕಡ್ಡಾಯ. ಆ ಸಂಖ್ಯೆ ಮುಂದೆಯೂ ಬೇಕಾಗುವುದರಿಂದ ಬರೆದಿಟ್ಟುಕೊಳ್ಳಬೇಕು.

ಹೆಜ್ಜೆ 5: ಬೆನ್ನು ಹತ್ತುವುದು, ಉಳಿಸಿಕೊಳ್ಳುವುದು

‘ಸಬ್ಮಿಟ್’ ಒತ್ತಿದರೆ ಕೆಲಸ ಅರ್ಧ ಮಾತ್ರ ಮುಗಿಯಿತು. ಎನ್‌ಎಸ್‌ಪಿ ಅರ್ಜಿಯನ್ನು ಮೊದಲು ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಕಾಲೇಜಿನಲ್ಲೇ ನಿಂತ ಅರ್ಜಿ ಎಷ್ಟೇ ಸರಿಯಿದ್ದರೂ ಹಣ ತರುವುದಿಲ್ಲ. ಅರ್ಜಿಯ ಪ್ರಿಂಟ್ ಪ್ರತಿಯೊಂದಿಗೆ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗಕ್ಕೆ ಹೋಗಿ ವಿಚಾರಿಸುವುದು ವಿದ್ಯಾರ್ಥಿಯ ಹಕ್ಕು. ಅದಕ್ಕೆ ಸಂಕೋಚ ಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡಬೇಕು. ತಿದ್ದುಪಡಿಗೆಂದು ವಾಪಸಾದ ಅರ್ಜಿಯನ್ನು ನಿಗದಿತ ದಿನದೊಳಗೆ ಸರಿಪಡಿಸಿ ಮತ್ತೆ ಸಲ್ಲಿಸದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ.

ಎರಡನೇ ವರ್ಷ ನೆರವು ತಾನಾಗಿ ಮುಂದುವರಿಯುವುದಿಲ್ಲ. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ವಾರ್ಷಿಕ ಪರೀಕ್ಷೆಯಲ್ಲಿ ಕನಿಷ್ಠ ಶೇ 50 ಅಂಕ ಮತ್ತು ಶೇ 75 ಹಾಜರಾತಿ ಇರಬೇಕು. ನವೀಕರಣದ ಅರ್ಜಿಯನ್ನು ಪ್ರತಿ ವರ್ಷ ಹಾಕಬೇಕು. ಹೊಸ ಊರು, ಹೊಸ ಪಾಠಕ್ರಮಕ್ಕೆ ಹೊಂದಿಕೊಳ್ಳುವ ಮೊದಲ ಸೆಮಿಸ್ಟರ್‌ನಲ್ಲೇ ಹಾಜರಾತಿ ಕುಸಿಯುವ ಅಪಾಯ ಹೆಚ್ಚು. ಆದ್ದರಿಂದ ತರಗತಿಗೆ ತಪ್ಪದೆ ಹೋಗುವುದು ಓದಿಗೆ ಎಷ್ಟು ಮುಖ್ಯವೋ ಮುಂದಿನ ವರ್ಷದ ನೆರವಿಗೂ ಅಷ್ಟೇ ಮುಖ್ಯ.