ಬೆಳಗಿ ಮರೆಯಾಗುವ ಎಚ್ಚರಿಕೆ ದೀಪ: ಒಂದು ನಿದಾನ ವಿಚಾರ

ವ್ಯಾಕರಣವನ್ನೂ ಛಂದಸ್ಸನ್ನೂ ಬೋಧಿಸುತ್ತ ಬಂದ ಪಂಡಿತನೊಬ್ಬನು ಮೋಟಾರು ವಾಹನದ ವಿಷಯವಾಗಿ ಲೇಖನಿ ಹಿಡಿದುದನ್ನು ಕಂಡು ವಾಚಕ ಮಹಾಶಯರು ವಿಸ್ಮಯಪಡಬಹುದು. ಯಂತ್ರಶಾಸ್ತ್ರದಲ್ಲಿ ನನಗೆ ವಿಶೇಷ ಪರಿಶ್ರಮವಿಲ್ಲ. ಆದರೆ ನಮ್ಮ ಶಾಲೆಯ ಕಾರಿಗೆ ಬಂದೊದಗಿದ ವಿಚಿತ್ರ ವ್ಯಾಧಿಯೊಂದರ ಮೂಲವನ್ನು ಅರಸುವಾಗ, ಗುರುಗಳ ಬಳಿ ಕಲಿತ ತರ್ಕದ ಒಂದು ಸಣ್ಣ ಪಾಠವೇ ನೆರವಿಗೆ ಬಂದಿತು. ಅದನ್ನು ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಸಲ್ಲುವ ಕಾರುಗಳು ಈಗ ನಮ್ಮ ಸೀಮೆಗೆ ಅಪರಿಚಿತವಲ್ಲ. ನೆರೆಯ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಲ್ಲಿ ತಯಾರಿಕೆ ಆರಂಭವಾದ ಹೈರೈಡರ್ ಕಾರನ್ನು ಈ ವ್ಯವಸ್ಥೆಯೊಡನೆಯೂ ಹೊರತಂದಿದ್ದಾರೆ. ನಾನು ಹೇಳಹೊರಟಿರುವ ಕಾರು ಅಲ್ಲಿಯದಲ್ಲ. ಅದರ ತಯಾರಕರ ಹೆಸರು ಈ ವಿಚಾರಕ್ಕೆ ಅಪ್ರಸ್ತುತ. ಮಾಗಡಿಯ ಸಾವನದುರ್ಗದ ತಪ್ಪಲಿನ ಹಳ್ಳಿಗಳಿಗೂ ಕನಕಪುರದ ಕಾಡಂಚಿನ ಊರುಗಳಿಗೂ ಮಳೆಗಾಲದಲ್ಲಿ ಹೋಗಿಬರಲು ಅನುಕೂಲವಾಗಲೆಂದು ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದ ವಾಹನವದು.

ಒಂದು ಮಳೆಯ ರಾತ್ರಿ, ವಿದ್ಯಾರ್ಥಿನಿಲಯದ ಬಾಲಕನೊಬ್ಬನಿಗೆ ಜ್ವರವೇರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ಡ್ಯಾಶ್‌ಬೋರ್ಡಿನ ಮೇಲೆ ಮೂರು ಹಳದಿ ದೀಪಗಳು ಒಮ್ಮೆಲೇ ಹೊತ್ತಿಕೊಂಡವು: ಎಬಿಎಸ್ ಬ್ರೇಕಿನದೊಂದು, ಕಾರು ಜಾರದಂತೆ ಹಿಡಿಯುವ ವ್ಯವಸ್ಥೆಯದೊಂದು, ನಾಲ್ಕು ಚಕ್ರಗಳ ಚಾಲನೆಯದೊಂದು. ಬೆಳಿಗ್ಗೆ ಗ್ಯಾರೇಜಿಗೆ ಒಯ್ದಾಗ ಒಂದೂ ಇರಲಿಲ್ಲ. ಎಂಜಿನ್ನಿನ ದೋಷಗಳನ್ನು ಮಾತ್ರ ಓದಬಲ್ಲ ಚಿಕ್ಕ ಉಪಕರಣವನ್ನು ಹಚ್ಚಿ ನೋಡಿ, ಏನೂ ಇಲ್ಲವೆಂದು ಕಳುಹಿಸಿದರು. ಮತ್ತೆ ಹೊತ್ತಿದವು. ಎರಡನೆಯ ಗ್ಯಾರೇಜಿನಲ್ಲಿ, ದಾಖಲಾಗಿದ್ದ ದೋಷಸಂಖ್ಯೆಯನ್ನು ಬರೆದಿಟ್ಟುಕೊಳ್ಳದೆಯೇ ಅಳಿಸಿ ದೀಪವನ್ನು ನಂದಿಸಿದರು. ಮೂರನೆಯ ಬಾರಿಗೆ, ಎಬಿಎಸ್‌ನ ಇಡೀ ಘಟಕವನ್ನೇ ಬದಲಿಸಬೇಕೆಂದರು. ಅದರ ಬೆಲೆಯನ್ನು ಕೇಳಿ ಸಮಿತಿಯವರು ಬೆಚ್ಚಿದರು. ಚಾಲಕನೇ ಏನೋ ಕಟ್ಟಿ ಹೇಳುತ್ತಿರಬೇಕೆಂಬ ಮಾತೂ ಒಬ್ಬಿಬ್ಬರ ಬಾಯಲ್ಲಿ ಬಂದಿತು. ಆತ ನನ್ನ ಬಳಿ ಬಂದು, "ಮೇಷ್ಟ್ರೇ, ನಾನು ಸುಳ್ಳು ಹೇಳ್ತಿಲ್ಲ. ನೀವೇ ನಾಲ್ಕು ದಿನ ಪಕ್ಕದಲ್ಲಿ ಕೂತು ನೋಡಿ" ಎಂದನು. ಆ ಮಾತು ನನ್ನನ್ನು ಕಾಡಿತು.

ಮೂರು ದೀಪಗಳೆಂದರೆ ಮೂರು ದೋಷಗಳೇ? ಹಾಗೇನೂ ಇಲ್ಲ. ಪ್ರತಿಯೊಂದು ಚಕ್ರದ ಬಳಿಯೂ ಅದರ ವೇಗವನ್ನು ಅಳೆಯುವ ಒಂದೊಂದು ಸೆನ್ಸರ್ ಇರುತ್ತದೆ. ಬ್ರೇಕು ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಎಬಿಎಸ್, ತಿರುವಿನಲ್ಲಿ ಜಾರದಂತೆ ತಡೆಯುವ ವ್ಯವಸ್ಥೆ, ಯಾವ ಚಕ್ರ ವೃಥಾ ಸುತ್ತುತ್ತಿದೆಯೆಂದು ತಿಳಿದು ಬಲವನ್ನು ಹಂಚುವ ವ್ಯವಸ್ಥೆ, ಈ ಮೂರೂ ಅವೇ ನಾಲ್ಕು ಸಂಕೇತಗಳನ್ನು ಆಶ್ರಯಿಸಿವೆ. ದೀರ್ಘ ವಾಕ್ಯದಲ್ಲಿ ಕರ್ತೃಪದವೊಂದು ಅಳಿಸಿಹೋದರೆ ಅದನ್ನು ನೆಚ್ಚಿದ ಕ್ರಿಯಾಪದಗಳೆಲ್ಲ ಅತಂತ್ರವಾಗುವಂತೆ, ಒಂದು ಚಕ್ರದ ಸಂಕೇತ ತಪ್ಪಿದರೆ ಮೂರು ದೀಪಗಳೂ ಹೊತ್ತುತ್ತವೆ. ಮರಳಿ ಎಂಜಿನ್ ಚಾಲೂ ಮಾಡಿದಾಗ ನಿಯಂತ್ರಕವು ಪುನಃ ಪರೀಕ್ಷಿಸಿ, ಸಂಕೇತ ಸರಿಯಾಗಿದ್ದರೆ ದೀಪವನ್ನು ಆರಿಸುತ್ತದೆ. ಬೆಳಗಿನಲ್ಲಿ ದೀಪ ಕಾಣದಿದ್ದುದರ ರಹಸ್ಯ ಇಷ್ಟೇ. ಚಾಲಕನ ಮಾತು ಸತ್ಯವೆಂಬುದಕ್ಕೆ ಯಂತ್ರದ ಸ್ವಭಾವವೇ ಸಾಕ್ಷಿಯಾಯಿತು.

ಇನ್ನು ತರ್ಕದ ಪಾಠ. ಒಂದು ಇರುವೆಡೆಯಲ್ಲಿ ಮತ್ತೊಂದು ಇರುವುದು ಅನ್ವಯ. ಅದು ಇಲ್ಲದೆಡೆಯಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದಕ್ಕೆ ಅಡುಗೆಮನೆ ಅನ್ವಯದೃಷ್ಟಾಂತ, ಸರೋವರ ವ್ಯತಿರೇಕದೃಷ್ಟಾಂತ. ಕಾರಣವನ್ನು ನಿಶ್ಚಯಿಸಲು ಎರಡೂ ಬೇಕು. ದೀಪ ಹೊತ್ತಿದ ದಿನಗಳನ್ನು ಮಾತ್ರ ಬರೆದಿಟ್ಟರೆ ಸಾಲದು, ಹೊತ್ತದ ದಿನಗಳನ್ನೂ ಬರೆದಿಡಬೇಕು. ಅಂತೆಯೇ ನಾವಿಬ್ಬರೂ ಒಂದು ಪುಸ್ತಕವನ್ನು ತೆರೆದೆವು. ದಿನಾಂಕ, ವೇಳೆ, ಸ್ಥಳ, ಮಳೆಯೋ ಬಿಸಿಲೋ, ವೇಗವೆಷ್ಟು, ಸ್ಟಿಯರಿಂಗ್ ಯಾವ ಕಡೆಗೆ ತಿರುಗಿತ್ತು, ಯಾವ ಯಾವ ದೀಪಗಳು ಹೊತ್ತಿದವು, ಯಾವಾಗ ಆರಿದವು ಎಂದು ಅಂಕಣಗಳನ್ನು ಹಾಕಿದೆವು.

ಐದು ವಾರಗಳಲ್ಲಿ ಏಳು ಬಾರಿ ದೀಪ ಹೊತ್ತಿತು. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದಿಂದ ಚನ್ನಪಟ್ಟಣಕ್ಕೆ ಹಲವು ಬಾರಿ ಹೋಗಿಬಂದರೂ, ಮಳೆಯಲ್ಲಿಯೂ ಸಹ, ಒಮ್ಮೆಯೂ ಹೊತ್ತಲಿಲ್ಲ. ಮಾಗಡಿ ಕಡೆಯ ಗುಡ್ಡದ ತಿರುವುಗಳಲ್ಲಿ, ಕನಕಪುರದ ಹಳ್ಳಿದಾರಿಗಳಲ್ಲಿ, ನಮ್ಮ ಶಾಲೆಯ ಬಾಗಿಲಲ್ಲಿಯೇ ಒಮ್ಮೆ, ಹೀಗೆ ಆರು ಬಾರಿ ಮಳೆ ಬಿದ್ದಿತ್ತು, ಕಾರು ಎಡಕ್ಕೆ ಬಲವಾಗಿ ತಿರುಗಿತ್ತು. ಒಣ ರಸ್ತೆಯಲ್ಲಿ ಎಡಕ್ಕೆ ತಿರುಗಿದಾಗ ಇಲ್ಲ. ಮಳೆಯಲ್ಲಿ ನೇರ ಹೋದಾಗಲೂ ಇಲ್ಲ. ಎರಡೂ ಕೂಡಿದಲ್ಲಿ ಮಾತ್ರವೇ ಉಂಟು.

ಏಳನೆಯದು ಮಾತ್ರ ಈ ಸೂತ್ರಕ್ಕೆ ಒಗ್ಗಲಿಲ್ಲ. ಅಂದು ಮಳೆಯಿಲ್ಲ, ನಸುಕಿನಲ್ಲಿ ಕಾರು ಚಾಲೂ ಮಾಡಿದ ಕೂಡಲೇ ಹಲವು ದೀಪಗಳು ಹೊತ್ತಿ ಕ್ಷಣದಲ್ಲಿ ಆರಿದವು. ಅಪವಾದವನ್ನು ಬಲವಂತದಿಂದ ಸೂತ್ರದೊಳಗೆ ತುರುಕಬಾರದೆಂಬುದು ವೈಯಾಕರಣರ ವಿವೇಕ. ಪರೀಕ್ಷಿಸಲಾಗಿ, ಅದು ಬ್ಯಾಟರಿಯ ದೌರ್ಬಲ್ಯ. ನಿಂತ ಕಾರಿನ ಪೂರ್ಣ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಕ್ಷೀಣಿಸಿದ ಬ್ಯಾಟರಿಯಿಂದಲೋ, ಸಡಿಲವಾದ ಅರ್ತ್ ತಂತಿಯಿಂದಲೋ ವೋಲ್ಟೇಜು ಕುಸಿದಾಗ, ನಿರ್ದೋಷಿಗಳಾದ ನಿಯಂತ್ರಕಗಳೂ ದೂರು ಹೇಳುತ್ತವೆ. ಆದುದರಿಂದ ಯಾವ ಶೋಧವನ್ನೇ ಆಗಲಿ ಬ್ಯಾಟರಿಯಿಂದ ಆರಂಭಿಸುವುದು ಲೇಸು. ಇದು ಬೇರೆಯೇ ವ್ಯಾಧಿಯಾದುದರಿಂದ ಬೇರೆಯಾಗಿಯೇ ಬಗೆಹರಿಸಿದೆವು.

ಬಳಿಕ, ದೀಪ ಹೊತ್ತಿದ ದಿನವೇ ಎಲ್ಲ ವ್ಯವಸ್ಥೆಗಳನ್ನೂ ಓದಬಲ್ಲ ಸ್ಕ್ಯಾನರ್ ಉಳ್ಳ ಮೆಕ್ಯಾನಿಕ್ಕಿನ ಬಳಿಗೆ ಹೋಗಿ, ಅಳಿಸುವ ಮುನ್ನ ಬರೆದುಕೊಡಿರೆಂದು ಕೇಳಿದೆವು. ದೋಷಸಂಖ್ಯೆಯ ಮೊದಲಕ್ಷರ 'ಪಿ' ಆದರೆ ಎಂಜಿನ್ ಮತ್ತು ಗೇರಿನ ಭಾಗ, 'ಸಿ' ಆದರೆ ಬ್ರೇಕು, ಸ್ಟಿಯರಿಂಗ್ ಮೊದಲಾದುವು, 'ಬಿ' ಆದರೆ ಕಾರಿನ ಒಡಲು, 'ಯು' ಆದರೆ ನಿಯಂತ್ರಕಗಳ ಪರಸ್ಪರ ಸಂಪರ್ಕ. ನಮ್ಮದು 'ಸಿ' ವರ್ಗದ್ದು: ಮುಂದಿನ ಬಲ ಚಕ್ರದ ಸಂಕೇತ ನಡುನಡುವೆ ಕಡಿಯುತ್ತಿದೆ ಎಂದು. ಆದರೆ ಸಂಖ್ಯೆಯು ಬೀದಿಯನ್ನು ತೋರುತ್ತದೆ, ಮನೆಯನ್ನಲ್ಲ. ಸೆನ್ಸರ್, ಅದರ ಎದುರಿನ ಉಂಗುರ, ಬೇರಿಂಗ್, ವೈರು, ಕನೆಕ್ಟರ್ ಇವುಗಳಲ್ಲಿ ಯಾವುದೂ ಆಗಿರಬಹುದು. ಮನೆಯನ್ನು ತೋರಿದುದು ನಮ್ಮ ಪುಸ್ತಕ. ಎಡಕ್ಕೆ ತಿರುಗಿದಾಗ ಎಳೆಯಲ್ಪಡುವುದು ಬಲಚಕ್ರದ ವೈರು; ಮಳೆ ಬಂದಾಗ ಕೆಡುವುದು ಸೀಳಿದ ಹೊದಿಕೆ. ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿ ನೋಡಲಾಗಿ, ಕ್ಲಿಪ್ಪಿನ ಬಳಿ ವೈರಿನ ಹೊದಿಕೆ ಬಿರಿದು ಒಳಗಿನ ತಾಮ್ರ ಹಸಿರುಗಟ್ಟಿತ್ತು. ವೈರುಸಹಿತವಾದ ಸೆನ್ಸರ್ ಒಂದನ್ನು ಬದಲಿಸಿದರು. ಇಡೀ ಘಟಕಕ್ಕೆ ಹೇಳಿದ್ದ ಮೊತ್ತದ ಅಲ್ಪಾಂಶವೂ ಖರ್ಚಾಗಲಿಲ್ಲ. ಅನಂತರ ಮುಂದಿನ ಮಳೆಯಲ್ಲಿ ಅದೇ ತಿರುವುಗಳಲ್ಲಿ ಓಡಿಸಿ, ದೀಪ ಹೊತ್ತದುದನ್ನು ಕಂಡ ಮೇಲೆಯೇ ಪುಸ್ತಕವನ್ನು ಮುಚ್ಚಿದೆವು.

ಈ ಬಗೆಯ ಕಾರುಳ್ಳವರು ಇನ್ನೂ ಕೆಲವನ್ನು ನೆನಪಿಡಬೇಕು. ಒಂದೇ ಟಯರನ್ನು ಹೊಸದು ಹಾಕಿದರೆ ಅದರ ಸುತ್ತಳತೆ ಹೆಚ್ಚಾಗಿ, ಆ ಚಕ್ರ ಸದಾ ನಿಧಾನವಾಗಿ ತಿರುಗುವುದು; ಬಲವನ್ನು ಹಂಚುವ ಭಾಗ ಬಿಸಿಯೇರಿ ಸವೆಯಬಹುದು. ಕೆಸರಿನಲ್ಲಿ ಬಹಳ ಹೊತ್ತು ತಿಣುಕಿದಾಗ ಹೊತ್ತಿ, ತಣಿದ ಮೇಲೆ ಆರುವ ದೀಪ ದೋಷವಲ್ಲ, ಆತ್ಮರಕ್ಷಣೆ. ರಾಗಿಹುಲ್ಲಿನ ಬಣವೆಯ ಪಕ್ಕ ಕಾರು ನಿಲ್ಲಿಸುವವರು ಇಲಿ ಕಡಿದ ವೈರನ್ನು ಮೊದಲು ಹುಡುಕಲಿ. ಎಬಿಎಸ್‌ನ ಹಳದಿ ದೀಪ ಮಾತ್ರ ಹೊತ್ತಿದ್ದರೆ ಸಾಮಾನ್ಯ ಬ್ರೇಕು ಹಿಡಿಯುತ್ತದೆ, ಆದರೆ ಚಕ್ರ ಕಚ್ಚಿಕೊಂಡು ಜಾರಬಹುದು. ನಿಧಾನವಾಗಿ, ಅಂತರವಿಟ್ಟು ಸಾಗಬೇಕು. ಅದರೊಡನೆ ಬ್ರೇಕಿನ ಕೆಂಪು ದೀಪವೂ ಹೊತ್ತಿದರೆ ನಿಲ್ಲಿಸುವುದೇ ಸರಿ. ಎಣ್ಣೆಯ ಒತ್ತಡ, ಎಂಜಿನ್ನಿನ ಉಷ್ಣ ಇವುಗಳ ಕೆಂಪು ದೀಪಕ್ಕೂ ಇದೇ ನಿಯಮ.

ಬಂದು ಹೋಗುವ ದೋಷ ಇಲ್ಲದ ದೋಷವಲ್ಲ. ತರಗತಿಯಲ್ಲಿ ಒಂದು ದಿನ ಚುರುಕಾಗಿಯೂ ಮರುದಿನ ಮಂಕಾಗಿಯೂ ಇರುವ ಬಾಲಕನನ್ನು ಕುರಿತು, ಈಗ ಸರಿಯಾಗಿದ್ದಾನೆಂದು ನಾವು ಸುಮ್ಮನಾಗಬಾರದಷ್ಟೆ. ಎಂದು, ಎಲ್ಲಿ, ಯಾವ ಸಂದರ್ಭದಲ್ಲಿ ಎಂದು ವಿಚಾರಿಸಬೇಕು. ಕಂಡವನ ಮಾತನ್ನು ಮೊದಲು ನಂಬುವುದು, ಕಂಡುದನ್ನು ಅಳಿಸುವ ಮುನ್ನ ಬರೆದಿಡುವುದು, ಕಾಣದುದನ್ನೂ ಜೊತೆಗೆ ಬರೆಯುವುದು, ಇಷ್ಟನ್ನು ಪಾಲಿಸಿದರೆ ದಾನಿಗಳ ಹಣ ಉಳಿದೀತು. ನಮ್ಮ ಚಾಲಕನ ಗೌರವವೂ ಹಾಗೆಯೇ ಉಳಿಯಿತು. ಆ ಪುಸ್ತಕ ಇಂದಿಗೂ ಕಾರಿನಲ್ಲಿದೆ. ಈಗ ಅದನ್ನು ಆತನೇ ಬರೆಯುತ್ತಾನೆ.