ಕತ್ತಲಾದ ತೆರೆ: ಹಳೆಯ ವಾಲ್ವು ದೂರದರ್ಶನ ಯಂತ್ರದ ದೋಷಪರೀಕ್ಷೆ



ನಮ್ಮ ಮುಂಬಯಿ ನಗರದಲ್ಲಿ ದೂರದರ್ಶನದ ಪ್ರಸಾರವು 1972ರ ಅಕ್ಟೋಬರ್ 2ರಂದು ಆರಂಭವಾಯಿತು. ಆ ಕಾಲದ ಅನೇಕ ಯಂತ್ರಗಳಲ್ಲಿ ಗಾಜಿನ ವಾಲ್ವುಗಳಿದ್ದವು. ಇಂದು ಅವು ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಕೆಲವರ ಅಟ್ಟದ ಮೇಲೆಯೂ ಅಪರೂಪವಾಗಿ ಕಾಣಸಿಗುತ್ತವೆ. ಅಂತಹ ಯಂತ್ರವೊಂದಕ್ಕೆ ವಿದ್ಯುತ್ತನ್ನು ಹರಿಸಿದಾಗ ಸದ್ದು ಮಾತ್ರ ಕೇಳಿಬಂದು ತೆರೆಯು ಕತ್ತಲಾಗಿಯೇ ಉಳಿದರೆ, ದೋಷವೆಲ್ಲಿದೆಯೆಂದು ತರ್ಕದಿಂದ ಕಂಡುಹಿಡಿಯುವುದು ಹೇಗೆ? ಇದನ್ನು ಈಗ ವಿಚಾರಮಾಡೋಣ.

ಚಿತ್ರನಳಿಗೆಯ ಕೊರಳಿನಲ್ಲಿ ಕಾದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಹೊರಡುತ್ತವೆ. ಅವು ಅತಿವೇಗದಿಂದ ಬಂದು ತೆರೆಯ ಒಳಮೈಗೆ ಬಳಿದ ಫಾಸ್ಫರಿಗೆ ತಗುಲಿದಾಗ ಬೆಳಕು ಹುಟ್ಟುತ್ತದೆ. ಈ ವೇಗವನ್ನು ಕೊಡಲು ಕಪ್ಪು-ಬಿಳುಪಿನ ದೊಡ್ಡ ನಳಿಗೆಗಳಲ್ಲಿ ಸುಮಾರು 15,000ದಿಂದ 18,000 ವೋಲ್ಟುಗಳು ಬೇಕು. ಮನೆಗೆ ಬರುವುದಾದರೋ 230 ವೋಲ್ಟು ಮಾತ್ರ. ಹಾಗಾದರೆ ಉಳಿದುದು ಎಲ್ಲಿಂದ ಬಂತು?

ಇಲೆಕ್ಟ್ರಾನುಗಳ ಕಿರಣವು ತೆರೆಯ ಮೇಲೆ ಎಡದಿಂದ ಬಲಕ್ಕೆ ಗೆರೆಯೆಳೆದು ಥಟ್ಟನೆ ಹಿಂದಿರುಗುತ್ತದೆ. ನಮ್ಮ ದೇಶದ ಆ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಗುಣಿಸಿದರೆ ಸೆಕೆಂಡಿಗೆ 15,625 ಗೆರೆಗಳಾದವು. ಕಿರಣವು ಹಿಂದಿರುಗುವ ಕ್ಷಣದಲ್ಲಿ ಸುರುಳಿಯ ಪ್ರವಾಹವು ಅತಿಶೀಘ್ರವಾಗಿ ಬದಲಾಗುವುದರಿಂದ ಗೆರೆಯ ಟ್ರಾನ್ಸ್‌ಫಾರ್ಮರಿನಲ್ಲಿ ಪ್ರಬಲವಾದ ವೋಲ್ಟೇಜು ಉಂಟಾಗುತ್ತದೆ. ಅದನ್ನು ಒಂದು ಚಿಕ್ಕ ರೆಕ್ಟಿಫೈಯರ್ ವಾಲ್ವು ಏಕಮುಖವಾಗಿ ಮಾಡಿ ನಳಿಗೆಗೆ ಒದಗಿಸುತ್ತದೆ. ಆದುದರಿಂದ ಗೆರೆಯೆಳೆಯುವ ಭಾಗವು ನಿಂತರೆ ಬೆಳಕೂ ಇಲ್ಲ. ಪರೀಕ್ಷೆಗೆಲ್ಲ ಇದೇ ಕೀಲಿಕೈ.

ಮೊದಲ ಪರೀಕ್ಷೆಗೆ ಕಿವಿಯೇ ಸಾಕು. ಗೆರೆಯ ಭಾಗವು ಕೆಲಸಮಾಡುತ್ತಿದ್ದರೆ ಅತಿ ಸಣ್ಣ ಸಿಳ್ಳಿನಂತಹ ಸ್ವರ ಕೇಳಿಸುತ್ತದೆ. ಅದು ಮುಪ್ಪಾದ ಕಿವಿಗೆ ಕೇಳಿಸದು. ನಿಮ್ಮ ಎಳೆಯ ಕಿವಿಗೆ ಕೇಳಿಸೀತು. ಸಿಳ್ಳು ಇಲ್ಲದಿದ್ದರೆ ಗೆರೆಯ ಆಂದೋಲಕವನ್ನೂ, ಪಿಎಲ್ 36ರಂತಹ ಶಕ್ತಿವಾಲ್ವನ್ನೂ, ಪಿವೈ 81ರಂತಹ ಬೂಸ್ಟರ್ ಡಯೋಡನ್ನೂ ಶಂಕಿಸಬೇಕು. ಸಿಳ್ಳು ಇದ್ದೂ ಬೆಳಕಿಲ್ಲದಿದ್ದರೆ ಡಿವೈ 86ರಂತಹ ರೆಕ್ಟಿಫೈಯರನ್ನೂ ಚಿತ್ರನಳಿಗೆಯನ್ನೂ ನೋಡಬೇಕು.

ಶಕ್ತಿವಾಲ್ವಿನ ಒಳಗಿನ ತಗಡು ಕೆಂಪಗೆ ಕಾದರೆ ಆ ಕ್ಷಣವೇ ವಿದ್ಯುತ್ತನ್ನು ನಿಲ್ಲಿಸತಕ್ಕದ್ದು. ಆಂದೋಲಕದಿಂದ ಸಂಕೇತ ಬಾರದಿರುವುದು, ಅಥವಾ ಹಳೆಯ ಕಾಗದದ ಕೆಪಾಸಿಟರು ಸೋರಿ ಗ್ರಿಡ್ಡಿಗೆ ಧನವಿದ್ಯುತ್ತು ಸೇರುವುದು ಇದಕ್ಕೆ ಕಾರಣವಾಗಬಹುದು. ತಡಮಾಡಿದರೆ ಇಂದು ದುರ್ಲಭವಾದ ಟ್ರಾನ್ಸ್‌ಫಾರ್ಮರೇ ಸುಟ್ಟುಹೋದೀತು.

ಪ್ರಕಾಶವನ್ನು ಹೆಚ್ಚಿಸಿದಾಗ ಚಿತ್ರವು ಉಬ್ಬಿ ಮಂಕಾದರೆ ಉಚ್ಚ ವೋಲ್ಟೇಜು ಕುಸಿಯುತ್ತಿದೆಯೆಂದು ತಿಳಿಯಿರಿ, ರೆಕ್ಟಿಫೈಯರು ದುರ್ಬಲವಾಗಿರಬಹುದು. ತೆರೆಯ ನಡುವೆ ಒಂದೇ ಅಡ್ಡಗೆರೆಯು ಹೊಳೆದರೆ ಉಚ್ಚ ವೋಲ್ಟೇಜು ಸರಿಯಾಗಿದೆ; ದೋಷವಿರುವುದು ಕಿರಣವನ್ನು ಮೇಲಿನಿಂದ ಕೆಳಕ್ಕೆ ನಡೆಸುವ ಭಾಗದಲ್ಲಿ. ಆಗ ಪ್ರಕಾಶವನ್ನು ತಗ್ಗಿಸದಿದ್ದರೆ ಫಾಸ್ಫರು ಸುಟ್ಟು ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಯಂತ್ರದಿಂದ 'ಸುಯ್' ಎಂಬ ಸದ್ದೂ ಓಝೋನಿನ ವಾಸನೆಯೂ ಬಂದರೆ, ಧೂಳು ಮತ್ತು ತೇವದ ಮೂಲಕ ವಿದ್ಯುತ್ತು ಸೋರುತ್ತಿದೆಯೆಂದು ಅರ್ಥ.

ಕಡೆಯದಾದರೂ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ವಿಜ್ಞಾನದ ಪಾಠದಲ್ಲಿ ಬರುವ ಲೀಡನ್ ಜಾಡಿಯನ್ನು ನೆನೆಯಿರಿ. ಚಿತ್ರನಳಿಗೆಯೂ ಅಂತಹದೇ: ಒಳಗೂ ಹೊರಗೂ ವಾಹಕದ ಲೇಪ, ನಡುವೆ ಗಾಜು. ಗುಂಡಿಯನ್ನು ಆರಿಸಿ ಪ್ಲಗ್ಗನ್ನು ಕಿತ್ತ ಮೇಲೆಯೂ ಅದರಲ್ಲಿ ವಿದ್ಯುತ್ತು ಬಹುಕಾಲ ನಿಲ್ಲಬಹುದು. ಬಲ್ಲ ಕೆಲಸಗಾರರು ಹೊರಲೇಪಕ್ಕೆ ತಂತಿ ಕಟ್ಟಿದ, ಹಿಡಿಯು ಚೆನ್ನಾಗಿ ನಿರೋಧಿತವಾದ ಉಪಕರಣದಿಂದ ಅದನ್ನು ಬರಿದುಮಾಡುತ್ತಾರೆ; ಒಮ್ಮೆ ಬರಿದಾದರೂ ಸ್ವಲ್ಪ ಮರಳಿ ಕೂಡುವುದರಿಂದ ಮತ್ತೊಮ್ಮೆ ಹಾಗೆಯೇ ಮಾಡುತ್ತಾರೆ. ಇದಲ್ಲದೆ ಎಷ್ಟೋ ಯಂತ್ರಗಳ ಲೋಹದ ಚೌಕಟ್ಟು ಮನೆಯ ವಿದ್ಯುತ್ತಿಗೇ ನೇರವಾಗಿ ಸೇರಿರುತ್ತದೆ. ನಳಿಗೆಯೊಳಗೆ ನಿರ್ವಾತವಿರುವುದರಿಂದ ಪೆಟ್ಟು ಬಿದ್ದರೆ ಗಾಜು ಒಡೆದು ಸಿಡಿಯುತ್ತದೆ.

ಆದುದರಿಂದ ಯಂತ್ರದ ಬೆನ್ನಹಲಗೆಯನ್ನು ನೀವು ತೆರೆಯಕೂಡದು. ಅದು ಬಲ್ಲವರ ಕೆಲಸ. ನೀವು ಹೊರಗಿನಿಂದಲೇ ನೋಡಿ, ಕೇಳಿ, ಲಕ್ಷಣಗಳನ್ನು ಬರೆದಿಟ್ಟು ಕಾರಣವನ್ನು ಊಹಿಸಿರಿ. ಬಳಿಕ ನಿಮ್ಮ ಊಹೆಯು ಸರಿಯೇ ಎಂದು ಅವರನ್ನೇ ಕೇಳಿರಿ. ವೈದ್ಯನು ರೋಗಿಯ ದೇಹವನ್ನು ಕೊಯ್ಯುವ ಮೊದಲು ನಾಡಿಯನ್ನು ನೋಡುತ್ತಾನಲ್ಲವೇ?