ಇಂದಿನ ಧಮ್ಮ ಚಿಂತನೆ: ಜೇಬಿನ ಪಿಸ್ತೂಲು ಮತ್ತು ಮೊದಲ ಶೀಲ



ಪ್ರಾಣಭಯ ಇರುವವರು ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡರೆ ಮೊದಲ ಶೀಲ ಮುರಿಯುತ್ತದೆಯೇ?

‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ತತ್ವವೆಂದು ಕಾಣುತ್ತಾರೆ, ಕಟ್ಟಳೆಯೆಂದಲ್ಲ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅನಿವಾರ್ಯತೆ ಬೇರೆ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲೂ, ಅಗತ್ಯ ಕಂಡರೆ ಪರಿಶಿಷ್ಟರಿಗೆ ಬಂದೂಕು ಪರವಾನಗಿ ಕೊಡಲು ಅವಕಾಶವಿದೆ. ಆದ್ದರಿಂದ ಆಯುಧ ಇಟ್ಟುಕೊಂಡವರನ್ನು ಶೀಲಗೆಟ್ಟವರೆಂದು ಹಳಿಯುವುದು ಬೇಡ.

ಆದರೆ ಪಿಸ್ತೂಲೊಂದೇ ದಾರಿಯೇ? ಅಮೆರಿಕದ ಮಾಂಟ್ಗೊಮರಿಯಲ್ಲಿ ಕಪ್ಪು ಜನರ ಬಸ್ ಬಹಿಷ್ಕಾರ ನಡೆಸುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ 1956ರ ಜನವರಿ 30ರಂದು ಬಾಂಬ್ ಬಿತ್ತು. ಹೆಂಡತಿ, ಹಸುಗೂಸು ಒಳಗಿದ್ದರು. ಪಿಸ್ತೂಲು ಜೊತೆಗೆ ಒಯ್ಯಲು ಅವರು ಪರವಾನಗಿ ಕೇಳಿದರು, ಅಧಿಕಾರಿಗಳು ಕೊಡಲಿಲ್ಲ. ಆಮೇಲೆ ಯೋಚಿಸಿ, ಮನೆಯಲ್ಲಿದ್ದ ಆಯುಧವನ್ನೂ ಬಿಟ್ಟರು. ಮನೆ ಸುತ್ತ ದೀಪ ಹಾಕಿಸಿದರು, ಆಯುಧವಿಲ್ಲದ ಕಾವಲುಗಾರರನ್ನು ಇಟ್ಟರು, ಒಬ್ಬರೇ ಓಡಾಡುವುದನ್ನು ನಿಲ್ಲಿಸಿದರು. ರಕ್ಷಣೆ ಜನರ ಕೈಗೆ ಬಂತು.

ಇಂದು ಕೇಳಿಕೊಳ್ಳೋಣ: ನಮ್ಮ ಕೇರಿಯಲ್ಲಿ ಬೆದರಿಕೆ ಬಂದವರ ಮನೆಯಲ್ಲಿ ರಾತ್ರಿ ಯಾರು ಜೊತೆಗಿರುತ್ತೇವೆ? ಠಾಣೆಗೆ ಯಾರು ಹೋಗುತ್ತೇವೆ? ಸಂಘಕ್ಕೆ ಶರಣು ಹೋಗುವುದೆಂದರೆ ಇದೂ ಹೌದು.

ಭವತು ಸಬ್ಬ ಮಂಗಲಂ.